ಹೊಸ ಗೋಡೆ ಬಿರಿಯುವುದೇಕೆ?

ಗದಗ ತಾಲ್ಲೂಕಿನ ಹಿರೇಹಂದಿಗೋಳದಂತಹ ಊರಿನಲ್ಲಿ ಬೆಳೆದ ವಿದ್ಯಾರ್ಥಿಗೆ ಬಿರುಕು ಎಂಬುದು ಹೊಸ ನೋಟವೇನೂ ಅಲ್ಲ. ಸುಗ್ಗಿ ಮುಗಿದು ಬಿಸಿಲು ಏರತೊಡಗಿತೆಂದರೆ ಎರೆಹೊಲವು ಎಲ್ಲೆಡೆಯೂ ಬಾಯ್ದೆರೆಯುವುದು. ಕೆಲವು ಬಿರುಕುಗಳಲ್ಲಿ ಕೈಯನ್ನೇ ಇಳಿಸಬಹುದು. ಮುಂಗಾರಿನ ಮಳೆ ಚೆನ್ನಾಗಿ ಬಿದ್ದರೆ ಅವೆಲ್ಲ ತಾವಾಗಿಯೇ ಮುಚ್ಚಿಕೊಳ್ಳುವುವು. ರೈತನು ಇದನ್ನು ಕಂಡು ಚಿಂತಿಸುವುದಿಲ್ಲ. ನೆಲವು ಉಸಿರಾಡುವ ಬಗೆಯೇ ಅದು ಎಂದು ಅವನು ಬಲ್ಲನು.

ಆದರೆ ಅದೇ ರೈತನು ಹಲವು ವರ್ಷ ಕೂಡಿಟ್ಟ ಹಣದಿಂದ ಮನೆ ಕಟ್ಟಿಸಿದ್ದಾನೆಂದಿಟ್ಟುಕೊಳ್ಳಿ. ಗಿಲಾವು ಮುಗಿದು ತಿಂಗಳು ತುಂಬುವ ಮೊದಲೇ ಒಳಗೋಡೆಯಲ್ಲಿ ಕೂದಲೆಳೆಯಂತಹ ಗೆರೆಯೊಂದು ಕಾಣಿಸಿಕೊಂಡರೆ ಮನೆಮಂದಿಯ ನಿದ್ರೆ ಕೆಡುವುದು. ಗೌಂಡಿಯ ತಪ್ಪೋ, ಸಿಮೆಂಟಿನ ದೋಷವೋ, ಪಾಯವೇ ಕುಸಿಯುತ್ತಿದೆಯೋ ಎಂಬ ಸಂಶಯಗಳು ಏಳುವುವು. ಕೊನೆಗೆ ಯಾರೋ ಒಬ್ಬರು ಬಿಳಿಯ ಪುಟ್ಟಿಯನ್ನು ತಂದು ಗೆರೆಯ ಮೇಲೆ ಬಳಿದು ಅದನ್ನು ಮರೆಮಾಡುವರು. ಇಲ್ಲಿಯೇ ನಿಜವಾದ ಅಪಾಯವಿರುವುದು. ಹತ್ತು ಬಿರುಕುಗಳಲ್ಲಿ ಬಹುಪಾಲು ನಿರಪಾಯಕರವಾದವು. ಅವುಗಳಿಗಾಗಿ ಹಣ ಸುರಿಯುವುದು ವ್ಯರ್ಥ. ಆದರೆ ಉಳಿದ ಒಂದೆರಡು ಗೋಡೆಯೇ ನಮಗೆ ಕೊಡುವ ಎಚ್ಚರಿಕೆ. ಅವನ್ನು ಮುಚ್ಚಿಬಿಡುವುದು ಜ್ವರ ಬಂದವನ ಉಷ್ಣಮಾಪಕವನ್ನು ಎಸೆದಂತೆ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ? ಅದಕ್ಕೆ ಬೇಕಾದ ವಿಜ್ಞಾನವು ಪ್ರೌಢಶಾಲೆಯ ಪಾಠಗಳನ್ನು ಹೆಚ್ಚಾಗಿ ಮೀರಿದುದಲ್ಲ.

ಮಣ್ಣು, ಸುಣ್ಣ, ಸಿಮೆಂಟು

ಗೋಡೆಯ ಕಲ್ಲು ಅಥವಾ ಇಟ್ಟಂಗಿಯನ್ನು ಮುಚ್ಚಿ ಸಮತಟ್ಟಾದ ಮೈಯನ್ನು ಕೊಡುವ ಲೇಪಕ್ಕೆ ಉತ್ತರ ಕರ್ನಾಟಕದಲ್ಲಿ ಗಿಲಾವು ಎಂದೂ ಹಳೆಯ ಮೈಸೂರಿನ ಕಡೆ ಗಾರೆ ಎಂದೂ ಹೆಸರು. ನಮ್ಮ ಹಿರಿಯರ ಮಣ್ಣಿನ ಮನೆಗಳಲ್ಲಿ ಈ ಲೇಪವೂ ಮಣ್ಣಿನದೇ ಆಗಿತ್ತು. ಮಣ್ಣಿಗೆ ಹೊಟ್ಟು ಅಥವಾ ಕತ್ತರಿಸಿದ ಹುಲ್ಲನ್ನು ಬೆರೆಸಿ, ತುಳಿದು, ಕೆಲವು ದಿನ ಕೊಳೆಯಲು ಬಿಟ್ಟು ಅನಂತರ ಬಳಿಯುತ್ತಿದ್ದರು. ಹುಲ್ಲಿನ ಎಳೆಗಳು ಒಣಗುವ ಮಣ್ಣನ್ನು ಹಿಡಿದಿಟ್ಟು, ಒಂದು ದೊಡ್ಡ ಬಿರುಕು ಬೀಳಬೇಕಾದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗಿ ಅದನ್ನು ಹಂಚಿಬಿಡುತ್ತಿದ್ದುವು. ಇಂದು ಗಾರೆಗೆ ಬೆರೆಸುವ ಪಾಲಿಪ್ರೊಪಿಲೀನ್ ಎಳೆಗಳ ತತ್ತ್ವವೂ ಇದೇ.

ಮಣ್ಣಿನ ಅನಂತರ ಸುಣ್ಣ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ 100 ಕಿಲೋಗ್ರಾಂ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ 44 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುವುದು. ಅದಕ್ಕೆ ನೀರು ಹಾಕಿದರೆ 18 ಕಿಲೋಗ್ರಾಂ ನೀರನ್ನು ಕುಡಿದು, ಕುದಿದು, ಅರಳಿ 74 ಕಿಲೋಗ್ರಾಂ ಅರಳಿದ ಸುಣ್ಣವಾಗುವುದು. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿ, ನೀರನ್ನು ಬಿಟ್ಟುಕೊಟ್ಟು, ಮರಳಿ 100 ಕಿಲೋಗ್ರಾಂ ಸುಣ್ಣಕಲ್ಲೇ ಆಗುವುದು. ಈ ಚಕ್ರ ಪೂರ್ಣವಾಗಲು ತಿಂಗಳುಗಳೇ ಬೇಕು. ನಿಧಾನವಾಗಿ ಗಟ್ಟಿಯಾಗುವ ಕಾರಣ ಸುಣ್ಣದ ಗಾರೆಯು ಗೋಡೆಯ ಸಣ್ಣಪುಟ್ಟ ಚಲನೆಗಳಿಗೆ ಹೊಂದಿಕೊಳ್ಳುವುದು. ಕೂದಲೆಳೆಯ ಬಿರುಕಿನಲ್ಲಿ ತೇವ ಸೇರಿದಾಗ ಉಳಿದ ಸುಣ್ಣವು ಕರಗಿ, ಮತ್ತೆ ಕಲ್ಲಾಗಿ ನಿಂತು, ಬಿರುಕನ್ನು ತಾನೇ ಬೆಸೆಯುವುದೂ ಉಂಟು.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆಗೆಲಸದವನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಇಂದಿನ ಸಿಮೆಂಟು ಗಾಳಿಗಾಗಿ ಕಾಯದು. ನೀರಿನೊಡನೆಯೇ ರಾಸಾಯನಿಕವಾಗಿ ಸೇರಿ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುವುದು. ಇದು ಅದರ ಗುಣ. ಬಿರುಕಿನ ಮಟ್ಟಿಗೆ ಇದೇ ಅದರ ದೋಷ. ಬೇಗ ಬಿಗಿಯುವ, ಬಲು ಗಡುಸಾದ ವಸ್ತುವು ಬಾಗಲಾರದು, ಒಡೆಯಬಲ್ಲುದು.

ಕುಗ್ಗುವಿಕೆಯ ಲೆಕ್ಕ

50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟು ರಾಸಾಯನಿಕವಾಗಿ ಕಟ್ಟಿಹಾಕಿಕೊಳ್ಳುವ ನೀರು ಸುಮಾರು 12 ಲೀಟರು ಮಾತ್ರ. ಆದರೆ ಅಷ್ಟೇ ನೀರಿನಲ್ಲಿ ಕಲಸಿದ ಮಾಲು ಕರಣೆಗೆ ಬಾರದು. ಕೆಲಸ ಸುಗಮವಾಗಲೆಂದು ಅದಕ್ಕಿಂತ ಬಹಳ ಹೆಚ್ಚು ನೀರು ಹಾಕುವೆವು. ಈ ಹೆಚ್ಚಿನ ನೀರಿನ ಬಹುಭಾಗವು ಮುಂದೆ ಆವಿಯಾಗಿ ಹೋಗಲೇಬೇಕು; ಅದು ಹೋದಂತೆಲ್ಲ ಗಿಲಾವು ಕುಗ್ಗಲೇಬೇಕು.

ಒಂದು ಗಿಲಾವು ನೂರಕ್ಕೆ 0.05 ಭಾಗ ಕುಗ್ಗುವುದೆಂದು ಭಾವಿಸೋಣ. 3 ಮೀಟರ್ ಉದ್ದದ ಗೋಡೆಯಲ್ಲಿ ಇದು 1.5 ಮಿಲಿಮೀಟರ್ ಆಯಿತು. ಗಿಲಾವು ಮೇಜಿನ ಮೇಲೆ ಬಿಡಿಯಾಗಿ ಬಿದ್ದಿದ್ದರೆ ಸುಮ್ಮನೆ 1.5 ಮಿಲಿಮೀಟರ್ ಗಿಡ್ಡವಾಗುತ್ತಿತ್ತು, ಬಿರಿಯುತ್ತಿರಲಿಲ್ಲ. ಆದರೆ ಅದರ ಹಿಂದಿರುವ ಗೋಡೆ ಕುಗ್ಗುವುದಿಲ್ಲ. ತನಗೆ ಅಂಟಿದ ಗಿಲಾವನ್ನು ಕುಗ್ಗಗೊಡುವುದೂ ಇಲ್ಲ. ಎಂದರೆ, ಕುಗ್ಗಬಯಸುವ ಗಿಲಾವನ್ನು ಗೋಡೆಯು ಎಳೆದು ಹಿಡಿದಂತಾಯಿತು. ಸಿಮೆಂಟಿನ ವಸ್ತುಗಳು ಒತ್ತಡವನ್ನು ಚೆನ್ನಾಗಿ ತಾಳುವುವು. ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ತಾಳಬಲ್ಲವು. ಅವು ಒಡೆಯದೆ ಹಿಗ್ಗಬಲ್ಲ ಮಿತಿಯು ನೂರಕ್ಕೆ 0.01ರ ಸುಮಾರು. ನಮ್ಮ 3 ಮೀಟರ್ ಗೋಡೆಗೆ ಇದು 0.3 ಮಿಲಿಮೀಟರ್. ಬೇಕಾದುದು 1.5, ತಾಳಬಲ್ಲುದು 0.3. ಉಳಿದುದು ಬಿರುಕಾಗಿ ಹೊರಬೀಳುವುದು.

ಹಾಗಿದ್ದರೆ ಎಲ್ಲ ಗಿಲಾವುಗಳೂ ಬಿರಿಯಬೇಕಲ್ಲವೆ ಎಂದು ಚುರುಕಾದ ವಿದ್ಯಾರ್ಥಿಯು ಕೇಳಬಹುದು. ಇಲ್ಲಿ ಕಾಲವು ನೆರವಿಗೆ ಬರುವುದು. ಸತತವಾದ ಎಳೆತಕ್ಕೆ ಸಿಕ್ಕ ಗಾರೆಯು ದಿನ ಕಳೆದಂತೆ ಬಹು ಮೆಲ್ಲನೆ ಹಿಗ್ಗಿ ತನ್ನ ಬಿಗಿತವನ್ನು ಸಡಿಲಿಸಿಕೊಳ್ಳುವುದು. ಇದಕ್ಕೆ ಸರ್ಪಣ ಎಂದು ಹೆಸರು. ಗಿಲಾವು ಮೊದಲ ವಾರವೆಲ್ಲ ಒದ್ದೆಯಾಗಿದ್ದು, ಬಲ ಬಂದ ಮೇಲೆ ನಿಧಾನವಾಗಿ ಒಣಗಿದರೆ, ಕುಗ್ಗುವಿಕೆಯೊಡನೆ ಸರ್ಪಣವೂ ಹೆಜ್ಜೆ ಹಾಕಬಲ್ಲುದು. ಒಂದೇ ದಿನದಲ್ಲಿ ಒಣಗಿದರೆ ಹಾಗಾಗದು. ಗೋಡೆಗೆ ನೀರುಣಿಸುವುದರ ನಿಜವಾದ ಅರ್ಥ ಇದೇ: ನೀರು ಕುಗ್ಗುವಿಕೆಯನ್ನು ಇಲ್ಲವಾಗಿಸುವುದಿಲ್ಲ, ಗಿಲಾವಿಗೆ ಬಲ ಬರುವವರೆಗೆ ಅದನ್ನು ಮುಂದೂಡುವುದು.

ಗದಗ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಬೆಲೆಯುಂಟು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಇಲ್ಲಿಯ ಗಾಳಿಯ ಬಿರುಸನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯ ಒಣಗಾಳಿಗೆ ತೆರೆದಿಟ್ಟ ಕಿಟಕಿಯ ಎದುರಿನ ಗೋಡೆಯು, ಅದೇ ಕೋಣೆಯ ಇತರ ಗೋಡೆಗಳಿಗಿಂತ ಮೊದಲು ಬಿರಿಯುವುದು ಸಹಜ.

ಬಿರುಕಿನ ಬರಹವನ್ನು ಓದುವ ಬಗೆ

ಬಿರುಕಿನ ಆಕಾರ, ಅದು ಇರುವ ಸ್ಥಳ, ಅದರ ಅಗಲ, ಈ ಮೂರನ್ನು ನೋಡಿದರೆ ಕಾರಣವು ಹೆಚ್ಚುಕಡಿಮೆ ತಿಳಿದುಬರುವುದು. ಕಟ್ಟಡಗಳ ಬಿರುಕುಗಳನ್ನು ಕುರಿತು ಆಗಿನ ಭಾರತೀಯ ಮಾನಕ ಸಂಸ್ಥೆಯು 1984ರಲ್ಲಿ ಹೊರತಂದ ಕೈಪಿಡಿಯು 1 ಮಿಲಿಮೀಟರಿಗಿಂತ ಕಿರಿದಾದವನ್ನು ಸಣ್ಣ, 1ರಿಂದ 2 ಮಿಲಿಮೀಟರಿನವನ್ನು ಮಧ್ಯಮ, ಅದಕ್ಕೂ ಮೀರಿದುದನ್ನು ಅಗಲವಾದ ಬಿರುಕು ಎಂದು ವಿಂಗಡಿಸಿದೆ.

ಜಾಲರಿ ಬಿರುಕು: ಒಣಗಿದ ಕೆರೆಯಂಗಳದಂತೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆಯ ಗೆರೆಗಳಿವು. ಸಿಮೆಂಟು ಹೆಚ್ಚಾದ ಮಿಶ್ರಣ, ಧೂಳು ತುಂಬಿದ ಉಸುಕು, ನುಣುಪಾಗಲೆಂದು ಕರಣೆಯಿಂದ ಅತಿಯಾಗಿ ಉಜ್ಜಿದುದು, ಹಸಿ ಗಿಲಾವಿನ ಮೇಲೆ ಒಣ ಸಿಮೆಂಟಿನ ಪುಡಿ ಎರಚಿದುದು ಇದರ ಕಾರಣಗಳು. ಇವು ಮೇಲ್ಮೈಯಲ್ಲಿಯೇ ಇರುವುವು, ಅಪಾಯವಿಲ್ಲ.

ಸಂದಿನ ಬಿರುಕು: ಕಾಂಕ್ರೀಟಿನ ಕಂಬ ಅಥವಾ ತೊಲೆಗೆ ಇಟ್ಟಂಗಿಯ ಗೋಡೆ ಕೂಡುವೆಡೆಯಲ್ಲಿ ಆಳು ಹಿಡಿದು ಗೆರೆ ಎಳೆದಂತೆ ನೇರವಾಗಿ ಕಾಣುವುದು. ವಿದ್ಯುತ್ ತಂತಿಯ ಕೊಳವೆಗಾಗಿ ಕೊರೆದ ಗಾಡಿಯುದ್ದಕ್ಕೂ ಇಂತಹುದೇ ಬಿರುಕು ಏಳುವುದು. ಎರಡು ಬೇರೆ ವಸ್ತುಗಳು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದೇ ಕಾರಣ.

ಮಾಳಿಗೆಯ ಕೆಳಗಿನ ಅಡ್ಡ ಬಿರುಕು: ಮೇಲಂತಸ್ತಿನಲ್ಲಿ ಛಾವಣಿಯು ಗೋಡೆಯ ಮೇಲೆ ಕುಳಿತಿರುವ ಮಟ್ಟದಲ್ಲಿ ಬರುವುದು. ಉಷ್ಣತೆಯು 1 ಡಿಗ್ರಿ ಏರಿದರೆ ಕಾಂಕ್ರೀಟು ಪ್ರತಿ ಮೀಟರಿಗೆ ಸುಮಾರು 0.012 ಮಿಲಿಮೀಟರ್, ಇಟ್ಟಂಗಿಯ ಗೋಡೆಯು ಸುಮಾರು 0.006 ಮಿಲಿಮೀಟರ್ ಹಿಗ್ಗುವುದು. 6 ಮೀಟರ್ ಉದ್ದದ ಛಾವಣಿಯು ಬೆಳಗಿನಿಂದ ಮಧ್ಯಾಹ್ನಕ್ಕೆ 25 ಡಿಗ್ರಿ ಕಾದರೆ 1.8 ಮಿಲಿಮೀಟರ್ ಉದ್ದವಾಗುವುದು. ಅದರ ಕೆಳಗಿನ ಗೋಡೆಯು ಅಷ್ಟೇ ಕಾದರೂ 0.9 ಮಿಲಿಮೀಟರ್ ಮಾತ್ರ ಬೆಳೆಯುವುದು. ನೆರಳಿನಲ್ಲಿರುವ ಕಾರಣ ಅಷ್ಟೂ ಕಾಯದು. ಈ ಅಂತರವು ನಿತ್ಯವೂ ಸಂದಿಯನ್ನು ಅತ್ತಿತ್ತ ಎಳೆದಾಡುವುದು.

ಟೊಳ್ಳು: ಬಿರುಕಿನ ಅಕ್ಕಪಕ್ಕದಲ್ಲಿ ನಾಣ್ಯದಿಂದ ತಟ್ಟಿ ನೋಡಬೇಕು. ಗಟ್ಟಿ ಗಿಲಾವು ಕಲ್ಲಿನಂತೆ ನುಡಿಯುವುದು. ಗೋಡೆಯನ್ನು ಬಿಟ್ಟ ಗಿಲಾವು ಡಬ್ಬಿಯಂತೆ ನುಡಿಯುವುದು. ಗೋಡೆಯ ಧೂಳು ತೊಳೆಯದೆ, ನೀರು ಹೊಡೆಯದೆ ಗಿಲಾವು ಮಾಡಿದರೆ ಹೀಗಾಗುವುದು.

ಓರೆ ಬಿರುಕು: ಬಾಗಿಲು ಕಿಟಕಿಗಳ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ, ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾಗುವ, ಗೋಡೆಯ ಎರಡು ಮಗ್ಗುಲಲ್ಲಿಯೂ ಕಾಣುವ ಬಿರುಕು. ಇದು ಗಿಲಾವಿನದಲ್ಲ, ಗೋಡೆಯದು. ಅನೇಕ ವೇಳೆ ಗೋಡೆಯದೂ ಅಲ್ಲ; ನೆಲದ್ದು.

ಎರೆಮಣ್ಣಿನ ಗುಟ್ಟು

ಹೊಲದ ಬಿರುಕಿಗೂ ಮನೆಯ ಬಿರುಕಿಗೂ ಸಂಬಂಧ ಬರುವುದು ಇಲ್ಲಿ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಹೇರಳವಾಗಿರುವುದು. ಫ್ರಾನ್ಸಿನ ಮಾಂಟ್‌ಮೊರಿಲ್ಲನ್ ಎಂಬ ಊರಿನಿಂದ ಇದಕ್ಕೆ ಈ ಹೆಸರು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಒರಗಿದ ಅತಿ ತೆಳುವಾದ ಪದರಗಳಿಂದ ಇದು ಆಗಿದೆ. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುವುದು, ಮಣ್ಣು ಉಬ್ಬುವುದು. ನೀರು ಹೋದರೆ ಪದರಗಳು ಮತ್ತೆ ಕೂಡಿಕೊಳ್ಳುವುವು, ಮಣ್ಣು ಕುಗ್ಗುವುದು. ಮಸಾರಿ ಭೂಮಿಯಲ್ಲಿ ಈ ಆಟ ಬಹಳ ಕಡಿಮೆ.

ಎರೆಯ ಮೇಲೆ ಕಟ್ಟಿದ ಮನೆಯ ನಡುಭಾಗದ ನೆಲಕ್ಕೆ ಬಿಸಿಲೂ ತಾಗದು, ಮಳೆಯೂ ತಾಗದು; ಅಲ್ಲಿ ತೇವವು ಹೆಚ್ಚು ಬದಲಾಗದು. ಹೊರಗೋಡೆಗಳ ಕೆಳಗಾದರೋ ಮಳೆಗಾಲದಲ್ಲಿ ಮಣ್ಣು ಉಬ್ಬಿ ಗೋಡೆಯನ್ನು ಎತ್ತುವುದು, ಬೇಸಿಗೆಯಲ್ಲಿ ಕುಗ್ಗಿ ಇಳಿಸುವುದು. ನಡುವು ನಿಂತಲ್ಲಿಯೇ ನಿಂತು ಅಂಚುಗಳು ಏರಿಳಿದರೆ ಗೋಡೆ ಬಿರಿಯದೆ ಏನು ಮಾಡೀತು?

ನಿಮ್ಮ ಊರಿನ ಮಣ್ಣು ಎಷ್ಟು ಉಬ್ಬುವುದೆಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಅಳೆಯಬಹುದು. ಮಣ್ಣನ್ನು ಒಣಗಿಸಿ, ನುಣ್ಣಗೆ ಪುಡಿಮಾಡಿ, ಸಣ್ಣ ಜರಡಿಯಲ್ಲಿ ಜಾಲಿಸಿಕೊಳ್ಳಿ. 100 ಮಿಲಿಲೀಟರಿನ ಎರಡು ಅಳತೆಯ ಜಾಡಿಗಳಲ್ಲಿ ಹತ್ತು ಹತ್ತು ಗ್ರಾಂ ಪುಡಿಯನ್ನು ಹಾಕಿ, ಒಂದರಲ್ಲಿ ನೀರನ್ನೂ ಇನ್ನೊಂದರಲ್ಲಿ ಸೀಮೆಎಣ್ಣೆಯನ್ನೂ ತುಂಬಿರಿ. ಗಾಳಿಯ ಗುಳ್ಳೆಗಳು ಹೋಗುವಂತೆ ಕಲಕಿ, ಒಂದು ದಿನ ಅಲುಗಿಸದೆ ಬಿಡಿ. ಸೀಮೆಎಣ್ಣೆಯು ಪದರಗಳ ನಡುವೆ ನುಗ್ಗಲಾರದ ಕಾರಣ ಅದರಲ್ಲಿ ಮಣ್ಣು ಉಬ್ಬದು. ನೀರಿನಲ್ಲಿ ಮಣ್ಣಿನ ಗಾತ್ರ 18 ಮಿಲಿಲೀಟರ್, ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್ ಎಂದು ಕಂಡರೆ, ಹೆಚ್ಚಾದ 8ನ್ನು 10ರಿಂದ ಭಾಗಿಸಿ 100ರಿಂದ ಗುಣಿಸಬೇಕು: ಉಬ್ಬರವು ನೂರಕ್ಕೆ 80. ಎರೆಯನ್ನೂ ಮಸಾರಿಯನ್ನೂ ಒಟ್ಟಿಗೇ ಪರೀಕ್ಷಿಸಿದರೆ ವ್ಯತ್ಯಾಸವು ಮನಸ್ಸಿಗೆ ನಾಟುವುದು.

ಇಂತಹ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಂಬದ ಪಾಯವನ್ನು ಬೆಳೆಸಿತು. ಕಂಬವನ್ನು ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರ್ ಇಳಿಸಿ, ಋತುಮಾನದ ತೇವವು ತಾಗದ ಪದರದಲ್ಲಿ ಅದರ ಗಡ್ಡೆಯನ್ನು ಕೂರಿಸುವರು. ಗಡ್ಡೆಯ ವ್ಯಾಸವು ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಏರಿದರೂ ಇಳಿದರೂ ಕಂಬವು ಕದಲದು.

ಸತ್ತ ಬಿರುಕು, ಜೀವಂತ ಬಿರುಕು

ಓರೆ ಬಿರುಕನ್ನು ಕಂಡೊಡನೆ ಹೆದರಬೇಕಾಗಿಲ್ಲ, ಮುಚ್ಚಲೂ ಕೂಡದು. ಅದು ಒಮ್ಮೆ ಬಿದ್ದು ನಿಂತುದೋ, ಇನ್ನೂ ಬೆಳೆಯುತ್ತಿರುವುದೋ ಎಂಬುದನ್ನು ಮೊದಲು ತಿಳಿಯಬೇಕು. ಸೂಕ್ಷ್ಮದರ್ಶಕದ ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗಳನ್ನೂ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಗಟ್ಟಿಯಾಗಿ ಕೂರಿಸಿ, ದಿನಾಂಕವನ್ನು ಬರೆಯಿರಿ. ಪಟ್ಟಿಯನ್ನು ಗಿಲಾವಿನ ಮೇಲಲ್ಲದೆ, ಗಿಲಾವನ್ನು ಕೆತ್ತಿ ಇಟ್ಟಂಗಿಯ ಮೇಲೆಯೇ ಕೂರಿಸುವುದು ಮೇಲು. ಗಾಜು ಹಿಗ್ಗಲಾರದು, ಬಿರುಕು ಕದಲಿದರೆ ಅದು ಒಡೆಯುವುದು. ಬಿರುಕಿನ ತುದಿಯಲ್ಲಿಯೂ ಸೀಸದಕಡ್ಡಿಯಿಂದ ಗೆರೆ ಎಳೆದು ತೇದಿ ಹಾಕಿರಿ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವವರೆಗೆ ತಿಂಗಳಿಗೊಮ್ಮೆ ನೋಡಿ ಬರೆದಿಡಬೇಕು. ಆದರೆ ಬಾಗಿಲು ಒಮ್ಮೆಲೆ ಬಿಗಿಯಾದರೆ, ಗೋಡೆ ತೂಗುಗುಂಡಿನ ದಾರದಿಂದ ಸರಿದು ಹೊರಕ್ಕೆ ವಾಲಿದರೆ, ಅಥವಾ ಬಿರುಕು ವಾರವಾರಕ್ಕೂ ಅಗಲವಾದರೆ ಕಾಯದೆ ಇಂಜಿನಿಯರರನ್ನು ಕರೆಯತಕ್ಕದ್ದು. ಆ ಕೋಣೆಯಲ್ಲಿ ಮಲಗಕೂಡದು.

ದುರಸ್ತಿಯ ಕ್ರಮ

ಜಾಲರಿ ಬಿರುಕಿಗೆ ಒಂದು ಋತು ಕಾಯುವುದೇ ಮೊದಲ ಔಷಧಿ. ಗೋಡೆ ಪೂರ್ಣವಾಗಿ ಒಣಗಿದ ಮೇಲೆ ಮೇಲ್ಮೈಯನ್ನು ಉಜ್ಜಿ, ಸುಣ್ಣವನ್ನೋ ಪುಟ್ಟಿಯನ್ನೋ ಬಳಿದರೆ ಸಾಕು.

ಅದಕ್ಕಿಂತ ದೊಡ್ಡದಾದ, ಆದರೆ ಸತ್ತ ಬಿರುಕಿನ ಬಾಯಿಯನ್ನು ಉಳಿಯಿಂದ 5-6 ಮಿಲಿಮೀಟರ್ ಅಗಲಕ್ಕೆ ತೆರೆಯಬೇಕು. ತೆರೆಯದೆ ಮೇಲೆ ಬಳಿದ ಮಾಲು ಒಳಗೆ ಇಳಿಯದು. ಧೂಳನ್ನು ಕುಂಚದಿಂದ ತೆಗೆದು, ನೀರಿನಿಂದ ನೆನೆಸಿ, ಸಿಮೆಂಟು 1, ಸುಣ್ಣ 1, ಸಣ್ಣ ಉಸುಕು 6 ಪ್ರಮಾಣದ ಮಾಲನ್ನು ಒತ್ತಿ ತುಂಬಬೇಕು. ಬರಿಯ ಸಿಮೆಂಟಿನಿಂದ ತುಂಬುವುದು ದೊಡ್ಡ ತಪ್ಪು: ಅದು ಸುತ್ತಲಿನ ಗಿಲಾವಿಗಿಂತ ಹೆಚ್ಚು ಕುಗ್ಗಿ, ತನ್ನ ಎರಡು ಅಂಚುಗಳಲ್ಲಿಯೂ ಹೊಸ ಬಿರುಕನ್ನು ಮಾಡುವುದು; ಒಂದಿದ್ದುದು ಎರಡಾಗುವುದು. ಅಂಗಡಿಯಲ್ಲಿ ದೊರೆಯುವ ಅಕ್ರಿಲಿಕ್ ಬಿರುಕುಪುಟ್ಟಿಯನ್ನು ಬಳಸುವುದಾದರೆ ನೆನೆಸುವ ಕ್ರಮ ಮೊದಲಾದುವನ್ನು ಅದರ ಡಬ್ಬಿಯ ಮೇಲಿರುವ ಸೂಚನೆಯಂತೆ ನಡೆಸಬೇಕು. ಒಮ್ಮೆಗೇ ತುಂಬದೆ ಎರಡು ಸಲ ತುಂಬಬೇಕು.

ಸಂದಿನ ಬಿರುಕಿಗೆ ಪುಟ್ಟಿ ನಿಲ್ಲದು. ಸಂದಿನ ಎರಡು ಬದಿಗೂ 15 ಸೆಂಟಿಮೀಟರ್ ಗಿಲಾವನ್ನು ಕಿತ್ತು, 30 ಸೆಂಟಿಮೀಟರ್ ಅಗಲದ ಕೋಳಿಜಾಲರಿಯನ್ನು ಮೊಳೆಗಳಿಂದ ಬಿಗಿದು ಮತ್ತೆ ಗಿಲಾವು ಮಾಡಬೇಕು. ಟೊಳ್ಳಾದ ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು, ಗೋಡೆಯನ್ನು ತೊಳೆದು ಹೊಸದಾಗಿ ತುಂಬಬೇಕು. ಜೀವಂತ ಬಿರುಕಿಗೆ ಗೋಡೆಯಲ್ಲಿ ಚಿಕಿತ್ಸೆಯಿಲ್ಲ, ಚಿಕಿತ್ಸೆ ಹೊರಗಿದೆ. ಬಚ್ಚಲ ನೀರು, ಮಾಳಿಗೆಯ ನೀರು ಪಾಯದ ಬದಿಯಲ್ಲಿ ಇಂಗದಂತೆ ದೂರ ಹರಿಸಬೇಕು. ಮನೆಯ ಸುತ್ತ ಗರಸು ತುಂಬಿ, ಹೊರಕ್ಕೆ ಇಳಿಜಾರಾದ ಕಾಂಕ್ರೀಟು ಪಟ್ಟಿಯನ್ನು ಹಾಕಬೇಕು. ಮರದ ಬೇರು ಎರೆಯ ತೇವವನ್ನು ಹೀರಿ ಅದನ್ನು ಕುಗ್ಗಿಸುವುದರಿಂದ, ಮರವು ಬೆಳೆಯಬಹುದಾದ ಎತ್ತರದಷ್ಟು ದೂರದಲ್ಲಿ ಅದನ್ನು ನೆಡುವುದು ಕ್ಷೇಮ.

ಬಾರದಂತೆ ತಡೆಯುವುದು

ಗೋಡೆ ಕಟ್ಟಿದೊಡನೆ ಗಿಲಾವು ಮಾಡಲು ಅವಸರಪಡಬಾರದು. ಗೋಡೆಯೂ ಒಣಗಿ ಕುಗ್ಗಬೇಕಾಗಿದೆ. ಗೋಡೆಯ ಕುಗ್ಗುವಿಕೆ ಮೊದಲು ಮುಗಿದಷ್ಟೂ ಗಿಲಾವಿಗೆ ಒಳ್ಳೆಯದು. ಇಟ್ಟಂಗಿಗಳ ನಡುವಣ ಮಾಲು ಹಸಿಯಾಗಿರುವಾಗಲೇ ಸಂದುಗಳನ್ನು ಸುಮಾರು 10 ಮಿಲಿಮೀಟರ್ ಆಳ ಕೆರೆದಿಡಬೇಕು. ಕಾಂಕ್ರೀಟಿನ ನುಣುಪಾದ ಮೈಯನ್ನು ಉಳಿಯಿಂದ ಕಚ್ಚು ಮಾಡಬೇಕು. ಕಂಬ, ತೊಲೆಗಳ ಸಂದಿಗೂ ತಂತಿಯ ಗಾಡಿಗೂ ಗಿಲಾವಿನ ಮೊದಲೇ ಜಾಲರಿಯನ್ನು ಬಿಗಿಯಬೇಕು.

ಉಸುಕಿನ ಪರೀಕ್ಷೆ ಸುಲಭ. ಅಳತೆಯ ಜಾಡಿಯಲ್ಲಿ ಉಪ್ಪುನೀರು ಹಾಕಿ, ಉಸುಕನ್ನು ಸೇರಿಸಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಬೇಕು. ಉಸುಕು ಮೊದಲು ಕೆಳಗೆ ಕೂರುವುದು; ರೇವೆಮಣ್ಣು ಅದರ ಮೇಲೆ ಬೇರೆ ಪದರವಾಗಿ ನಿಲ್ಲುವುದು. ಈ ಪದರವು ಉಸುಕಿನ ಎತ್ತರದ ನೂರಕ್ಕೆ 6-8ನ್ನು ಮೀರಿದರೆ ಉಸುಕನ್ನು ತೊಳೆಯದೆ ಬಳಸಬಾರದು. ತುಂಗಭದ್ರೆಯ ಉಸುಕಾದರೂ ಸರಿ, ಕಲ್ಲನ್ನು ಅರೆದು ಮಾಡಿದ ಎಂ-ಸ್ಯಾಂಡ್ ಆದರೂ ಸರಿ, ನಿಯಮ ಒಂದೇ. ಸವಳು ನೀರಿನಿಂದ ಮಾಲನ್ನು ಕಲಸಿದರೆ ಉಪ್ಪು ಹೊರಬಂದು ಗೋಡೆಯ ಮೈಯನ್ನು ತಿನ್ನುವುದು. ಆದುದರಿಂದ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು.

ಒಳಗೋಡೆಗೆ ಸಿಮೆಂಟು 1, ಉಸುಕು 6 ಸಾಕು. ದಪ್ಪ 12ರಿಂದ 15 ಮಿಲಿಮೀಟರ್. ಗೋಡೆ ಅಂಕುಡೊಂಕಾಗಿದ್ದು ಹೆಚ್ಚು ದಪ್ಪ ಬೇಕಾದರೆ ಎರಡು ಪದರಗಳಲ್ಲಿ ಮಾಡಬೇಕು. ಮೇಲಿನ ಪದರವು ಕೆಳಗಿನದಕ್ಕಿಂತ ಬಲವಾಗಿರಕೂಡದು. ನೀರು ಬೆರೆಸಿದ ಮಾಲನ್ನು ಅರ್ಧ ಗಂಟೆಯೊಳಗೆ ಮುಗಿಸಬೇಕು. ಗಟ್ಟಿಯಾಗತೊಡಗಿದುದಕ್ಕೆ ಮತ್ತೆ ನೀರು ಸುರಿದು ಕಲಸುವುದು ಸಲ್ಲದು. ಮರುದಿನದಿಂದ ಕನಿಷ್ಠ ಏಳು ದಿನ ಗೋಡೆಯನ್ನು ಸತತವಾಗಿ ಒದ್ದೆಯಾಗಿಡಬೇಕು. ದಿನಕ್ಕೊಮ್ಮೆ ಕೊಡ ಕೊಡ ಸುರಿದು ನಡುವೆ ಒಣಗಲು ಬಿಡುವುದಕ್ಕಿಂತ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಚಿಮುಕಿಸುವುದು ಉತ್ತಮ. ಗಾಳಿ ಬೀಸುವ ಕಿಟಕಿಗಳಿಗೆ ಒದ್ದೆ ಗೋಣಿಯನ್ನು ಕಟ್ಟಿದರೆ ಅರ್ಧ ಕೆಲಸವಾದಂತೆಯೇ.

ಮನೆ ಕಟ್ಟಿಸುವವರು ಈ ಏಳು ದಿನಗಳ ನೀರನ್ನೂ ಆಳಿನ ಕೂಲಿಯನ್ನೂ ಉಳಿಸಲು ನೋಡುವರು. ಮಳೆ ಕಡಿಮೆಯಾದ ಸೀಮೆಯಲ್ಲಿ, ಬೇಸಿಗೆಯಲ್ಲಿ ನೀರಿಗೆ ದೂರ ಹೋಗಬೇಕಾದಾಗ ಇದು ಅರ್ಥವಾಗುವ ಮಾತೇ. ಅದಕ್ಕೆ ಉಪಾಯವೆಂದರೆ ಗಿಲಾವಿನ ಕಾಲವನ್ನೇ ಬದಲಿಸುವುದು: ಬಿಸಿಲೂ ಗಾಳಿಯೂ ಇಳಿದಿರುವ, ನೀರು ಕೈಗೆ ಸಿಗುವ ಮಳೆಗಾಲದ ಕೊನೆಯ ದಿನಗಳು ಇದಕ್ಕೆ ಹೆಚ್ಚು ಅನುಕೂಲ.

ಓದುಗರಾದ ವಿದ್ಯಾರ್ಥಿಗಳು ಇಂದೇ ತಮ್ಮ ಮನೆಯ ಗೋಡೆಗಳನ್ನು ಒಮ್ಮೆ ಸುತ್ತಿ ನೋಡಲಿ. ಕಂಡ ಬಿರುಕುಗಳನ್ನು ಚಿತ್ರ ಬರೆದು, ಅಗಲವನ್ನೂ ತೇದಿಯನ್ನೂ ಗುರುತಿಸಲಿ. ನಾಣ್ಯದಿಂದ ತಟ್ಟಿ ಕಿವಿಗೊಡಲಿ. ಮುಂದಿನ ಮಳೆಗಾಲ ಮುಗಿದಾಗ ಆ ಪುಸ್ತಕವನ್ನು ತೆರೆದರೆ, ಯಾವುದಕ್ಕೆ ಪುಟ್ಟಿ ಸಾಕು, ಯಾವುದಕ್ಕೆ ಪಾಯದ ಬದಿಯ ನೀರನ್ನು ತಿರುಗಿಸಬೇಕು ಎಂಬುದನ್ನು ಮನೆಯ ಹಿರಿಯರಿಗೆ ಅವರೇ ಹೇಳಬಲ್ಲರು.